ಸ್ಪೋರ್ಟ್ಸ್ ಕಾರಿಗೆ ಬೇರೆ ಎಂಜಿನ್: ಬೀಡುಕಬ್ಬಿಣದ ಬ್ಲಾಕೋ, ಅಲ್ಯೂಮಿನಿಯಂ ಬ್ಲಾಕೋ?

ಎಂಜಿನ್ ಬ್ಲಾಕ್, ಅಂದರೆ ಸಿಲಿಂಡರ್‌ಗಳಿರುವ ಮುಖ್ಯ ಎರಕ, ಹುಡುಕಲು ಹೊರಡುವ ಮೊದಲು ಒಂದು ಹಾಳೆಯಲ್ಲಿ ಮೂರು ಅಂಕಿ ಬರೆದಿಡಿ. ಕಾರಿನ ಮುಂದಿನ ಚಕ್ರಗಳ ಮೇಲೆ ಈಗ ಎಷ್ಟು ತೂಕವಿದೆ, ಹಿಂದಿನ ಚಕ್ರಗಳ ಮೇಲೆ ಎಷ್ಟಿದೆ, ಹೊಸ ಎಂಜಿನ್‌ನಿಂದ ಎಷ್ಟು ಶಕ್ತಿ ಬೇಕು. ಟರ್ಬೊ ಅಥವಾ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಒತ್ತಡದಲ್ಲಿ ಹೆಚ್ಚು ಗಾಳಿ ತುಂಬುವ ಸಾಧನ) ಹಾಕುವ ಮನಸ್ಸಿದ್ದರೆ ಅದನ್ನೂ ಅಲ್ಲೇ ಬರೆಯಿರಿ. ಅದನ್ನು ‘ಆಮೇಲೆ ನೋಡೋಣ’ ಎಂದು ಬಿಟ್ಟವರು ಅದೇ ಎಂಜಿನ್ನನ್ನು ಎರಡು ಸಲ ಬಿಚ್ಚುತ್ತಾರೆ. ಯಾವ ಲೋಹದ ಬ್ಲಾಕ್ ಬೇಕು ಎಂಬುದರ ಮುಕ್ಕಾಲು ಉತ್ತರ ಈ ಹಾಳೆಯಲ್ಲೇ ಸಿಗುತ್ತದೆ. ಉಳಿದ ಕಾಲು ಭಾಗವನ್ನು ಹೇಳುವುದು ಕೈಗೆ ಸಿಕ್ಕ ಬ್ಲಾಕಿನ ಬೋರ್ (ಸಿಲಿಂಡರಿನ ಒಳವ್ಯಾಸ) ಅಳತೆ.

ಒಂದೇ ಎಂಜಿನ್, ಎರಡು ಲೋಹ

ಹೋಲಿಕೆಗೆ ಜನರಲ್ ಮೋಟರ್ಸ್‌ನ ಎಲ್‌ಎಸ್ ಕುಟುಂಬದ ವಿ8ಗಳಷ್ಟು ಅನುಕೂಲವಾದ ಉದಾಹರಣೆ ಇನ್ನೊಂದಿಲ್ಲ. ಅಲ್ಯೂಮಿನಿಯಂ ಎಲ್‌ಎಸ್1 ಮೊದಲು ಬಂದದ್ದು 1997ರ ಕಾರ್ವೆಟ್‌ನಲ್ಲಿ. ಅದೇ ವಿನ್ಯಾಸವನ್ನು ಬೀಡುಕಬ್ಬಿಣದಲ್ಲಿ (ಮುಂದೆ ಬರೀ ‘ಬೀಡು’) ಎರಕ ಹೊಯ್ದ 4.8, 5.3, 6.0 ಲೀಟರ್ ಎಂಜಿನ್‌ಗಳು 1999ರಿಂದ ಟ್ರಕ್‌ಗಳಿಗೆ ಬಂದವು. ಎಂಜಿನ್ ಮೌಂಟ್‌ನ ರಂಧ್ರಗಳು, ಗೇರ್‌ಬಾಕ್ಸ್ ಕೂರುವ ಮುಖ, ಕ್ರ್ಯಾಂಕ್ ಕ್ಯಾಪಿನ ಆರಾರು ಬೋಲ್ಟ್‌ಗಳು, ಎಲ್ಲ ಒಂದೇ. ಹಾಗಾಗಿ ಇವೆರಡರ ನಡುವೆ ಕಾಣುವ ವ್ಯತ್ಯಾಸ ಬಹುತೇಕ ಲೋಹದ ವ್ಯತ್ಯಾಸವೇ.

ಖಾಲಿ ಎಲ್‌ಎಸ್1 ಬ್ಲಾಕ್ ಸುಮಾರು 50 ಕೆ.ಜಿ. ತೂಗಿದರೆ ಬೀಡಿನ ಬ್ಲಾಕ್ ಸುಮಾರು 95 ಕೆ.ಜಿ. ಬೀಡಿನ ಸಾಂದ್ರತೆ ಘನ ಸೆಂ.ಮೀ.ಗೆ 7.2 ಗ್ರಾಂ, ಅಲ್ಯೂಮಿನಿಯಂನದು 2.7. ಆ ಲೆಕ್ಕಕ್ಕೆ ಅಲ್ಯೂಮಿನಿಯಂ ಬ್ಲಾಕ್ ಇನ್ನೂ ಹಗುರವಾಗಬೇಕಿತ್ತು. ಆದರೆ ಬಿಗಿತದಲ್ಲಿ ಅಲ್ಯೂಮಿನಿಯಂ ಹಿಂದೆ: ಅದರ ಸ್ಥಿತಿಸ್ಥಾಪಕತ್ವದ ಗುಣಾಂಕ ಸುಮಾರು 70 ಗಿಗಾಪಾಸ್ಕಲ್, ಬೀಡಿನದು 100ರಿಂದ 130. ಆ ಕೊರತೆ ತುಂಬಲು ಗೋಡೆಗಳನ್ನು ದಪ್ಪವಾಗಿ ಎರಕ ಹೊಯ್ಯುತ್ತಾರೆ, ಸಿಲಿಂಡರ್ ಒಳಗೆ ಬೀಡಿನ ಲೈನರ್ (ತೆಳು ಕೊಳವೆ) ಕೂರಿಸುತ್ತಾರೆ. ಕೊನೆಗೆ ಉಳಿಯುವ ಲಾಭ ಸುಮಾರು 45 ಕೆ.ಜಿ.

45 ಕೆ.ಜಿ. ಎಲ್ಲಿ ಕೂರುತ್ತದೆ?

ಈ 45 ಕೆ.ಜಿ.ಗೆ ಹೆದರಿ ದುಬಾರಿ ಬ್ಲಾಕ್ ಕೊಳ್ಳುವವರೂ ಇದ್ದಾರೆ, ‘ಅಷ್ಟರಿಂದ ಏನಾಗುತ್ತದೆ’ ಎಂದು ತಳ್ಳಿಹಾಕುವವರೂ ಇದ್ದಾರೆ. ಲೆಕ್ಕ ಹಾಕಿದರೆ ಎರಡೂ ಅತಿ.

1200 ಕೆ.ಜಿ. ತೂಕದ, 2400 ಮಿ.ಮೀ. ವೀಲ್‌ಬೇಸಿನ (ಎರಡು ಆಕ್ಸಲ್‌ಗಳ ನಡುವಿನ ದೂರ) ಕಾರು ಎಂದುಕೊಳ್ಳಿ. ಮುಂದೆ 52%, ಅಂದರೆ 624 ಕೆ.ಜಿ. ಬ್ಲಾಕಿನ ಭಾರಕೇಂದ್ರ ಮುಂದಿನ ಆಕ್ಸಲ್‌ನಿಂದ 100 ಮಿ.ಮೀ. ಹಿಂದಿದೆ. ಹೆಚ್ಚಿನ 45 ಕೆ.ಜಿ.ಯಲ್ಲಿ ಮುಂದೆ ಬೀಳುವುದು 45 × 2300 ÷ 2400 = 43 ಕೆ.ಜಿ.; ಹಿಂದಕ್ಕೆ ಹೋಗುವುದು ಬರೀ 2 ಕೆ.ಜಿ. ಈಗ ಮುಂಭಾಗ 667 ಕೆ.ಜಿ., ಒಟ್ಟು 1245, ಅಂದರೆ 53.6%. ಒಂದೂವರೆ ಶೇಕಡಾ ಅಂಶದ ಏರಿಕೆಯನ್ನು ಬಿಗಿ ತಿರುವಿಗೆ ಇಳಿಯುವಾಗ ಸ್ಟಿಯರಿಂಗ್ ಹಿಡಿದವರು ಗುರುತಿಸುತ್ತಾರೆ, ನೇರ ರಸ್ತೆಯಲ್ಲಿ ಯಾರೂ ಗುರುತಿಸುವುದಿಲ್ಲ.

ಇದೇ ಕಾರಿನಲ್ಲಿ 15 ಕೆ.ಜಿ. ಬ್ಯಾಟರಿ ಮುಂದಿನ ಆಕ್ಸಲ್‌ಗಿಂತ 200 ಮಿ.ಮೀ. ಮುಂದೆ ಇದ್ದು, ಅದನ್ನು ಹಿಂದಿನ ಆಕ್ಸಲ್‌ಗಿಂತ 200 ಮಿ.ಮೀ. ಹಿಂದಕ್ಕೆ ಒಯ್ದರೆ ಮುಂಭಾಗದಿಂದ 15 × 2800 ÷ 2400 = 17.5 ಕೆ.ಜಿ. ಇಳಿಯುತ್ತದೆ. ಅನುಪಾತ 52.2%ಕ್ಕೆ ಮರಳುತ್ತದೆ. ಹಾಗೆಂದು ನಷ್ಟ ಪೂರ್ತಿ ತುಂಬಿತು ಎನ್ನುವಂತಿಲ್ಲ. ಒಟ್ಟು ತೂಕ ಇಳಿದಿಲ್ಲ, ಜೊತೆಗೆ ಭಾರ ಕಾರಿನ ಎರಡು ತುದಿಗೆ ಹಂಚಿಹೋಗಿ ಕಾರು ತಿರುಗಲು ತುಸು ಸೋಮಾರಿಯಾಗುತ್ತದೆ. ಎಂಜಿನ್ನನ್ನೇ 50 ಮಿ.ಮೀ. ಹಿಂದಕ್ಕೂ 20 ಮಿ.ಮೀ. ಕೆಳಕ್ಕೂ ಕೂರಿಸಲು ಜಾಗವಿದ್ದರೆ ಅದು ಬ್ಯಾಟರಿ ಸಾಗಿಸುವುದಕ್ಕಿಂತ ಒಳ್ಳೆಯ ದಾರಿ. ಮೌಂಟ್ ಬೆಸುಗೆ ಹಾಕುವ ಮೊದಲು ಫೈರ್‌ವಾಲ್ (ಎಂಜಿನ್ ಕೋಣೆಗೂ ಕೂರುವ ಜಾಗಕ್ಕೂ ನಡುವಿನ ಗೋಡೆ) ಮತ್ತು ಎಂಜಿನ್ ಹಿಂಬದಿಯ ನಡುವೆ 15–20 ಮಿ.ಮೀ. ಅಂತರ ಉಳಿಯುತ್ತದೆಯೇ ನೋಡಿ. ರಬ್ಬರ್ ಮೌಂಟ್ ಮೇಲೆ ಎಂಜಿನ್ ಹೊರಳಲು ಅಷ್ಟು ಬೇಕು.

ಸ್ಪ್ರಿಂಗ್ ಬದಲಿಸುವುದನ್ನು ಬಹಳ ಜನ ಮರೆಯುತ್ತಾರೆ. ಪ್ರತಿ ಮುಂಚಕ್ರದ ಮೇಲೆ 21.5 ಕೆ.ಜಿ. ಎಂದರೆ ಸುಮಾರು 211 ನ್ಯೂಟನ್. ಚಕ್ರದ ಬಳಿಯ ಸ್ಪ್ರಿಂಗ್ ದರ ಪ್ರತಿ ಮಿ.ಮೀ.ಗೆ 25 ನ್ಯೂಟನ್ ಇದ್ದರೆ ಕಾರಿನ ಮೂತಿ 8 ಮಿ.ಮೀ.ಗೂ ಹೆಚ್ಚು ಕುಸಿಯುತ್ತದೆ, ಕ್ಯಾಂಬರ್ ಮತ್ತು ಟೋ (ಚಕ್ರಗಳು ವಾಲುವ ಮತ್ತು ದಿಕ್ಕು ನೋಡುವ ಕೋನಗಳು) ಎರಡೂ ಹೊರಳುತ್ತವೆ. ಮೊದಲಿನ ನಡೆ ಬೇಕಾದರೆ ಮುಂದಿನ ಸ್ಪ್ರಿಂಗ್ ಸುಮಾರು 8% ಗಡುಸಾಗಬೇಕು, ಡ್ಯಾಂಪರ್‌ನ ರಿಬೌಂಡ್ ಕೂಡ ಒಂದೆರಡು ಕ್ಲಿಕ್ ಹೆಚ್ಚಬೇಕು.

ಶಕ್ತಿ ಹೆಚ್ಚಿದಾಗ ಯಾವುದು ಮೊದಲು ಸೋಲುತ್ತದೆ

ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಯಾವ ಲೋಹದ ಬ್ಲಾಕಾದರೂ ಮೊದಲು ಸೋಲುವುದಿಲ್ಲ. ಕನೆಕ್ಟಿಂಗ್ ರಾಡ್, ರಾಡ್ ಬೋಲ್ಟ್, ಪಿಸ್ಟನ್‌ನ ರಿಂಗ್ ಕೂರುವ ಅಂಚು, ವಾಲ್ವ್ ಸ್ಪ್ರಿಂಗ್, ಇವು ಮುಂಚೆ ಕೈಕೊಡುತ್ತವೆ. ಟರ್ಬೊ ಬಂದ ಕೂಡಲೇ ಚಿತ್ರ ಬದಲಾಗುತ್ತದೆ. ದಹನದ ಒತ್ತಡ ಸಿಲಿಂಡರ್ ಗೋಡೆಯನ್ನು ಉಬ್ಬಿಸುತ್ತದೆ, ಹೆಡ್ಡನ್ನು (ಸಿಲಿಂಡರ್‌ಗಳ ಮೇಲಿನ ಮುಚ್ಚಳವನ್ನು) ಮೇಲಕ್ಕೆತ್ತಲು ನೋಡುತ್ತದೆ. ಗೋಡೆ ಅಲುಗಿದಷ್ಟೂ ರಿಂಗ್ ಬಿಗಿಯಾಗಿ ಕೂರದೆ ಅನಿಲ ಕ್ರ್ಯಾಂಕ್‌ಕೇಸಿಗೆ ನುಸುಳುತ್ತದೆ. ಹೆಡ್ ಎತ್ತಿದಷ್ಟೂ ಗ್ಯಾಸ್ಕೆಟ್ ಸವೆಯುತ್ತದೆ. ಗಡಸು ಬೀಡು ಇಲ್ಲಿ ಗೆಲ್ಲುತ್ತದೆ. ಟೊಯೊಟಾ 2ಜೆಜಡ್-ಜಿಟಿಇ, ನಿಸ್ಸಾನ್ ಆರ್‌ಬಿ26, ಮಿತ್ಸುಬಿಷಿ 4ಜಿ63 ಮೂರೂ ಟರ್ಬೊ ಪ್ರಿಯರ ಕೈಯಲ್ಲಿ ದಶಕಗಟ್ಟಲೆ ಉಳಿದದ್ದಕ್ಕೆ ಬೀಡಿನ ಬ್ಲಾಕೂ ಒಂದು ಕಾರಣ.

ಅಲ್ಯೂಮಿನಿಯಂ ಟರ್ಬೊಗೆ ಆಗುವುದೇ ಇಲ್ಲ ಎಂಬ ಮಾತು ಮಾತ್ರ ತಪ್ಪು. ನಿಸ್ಸಾನ್ ಜಿಟಿ-ಆರ್‌ನ ವಿಆರ್38ಡಿಇಟಿಟಿ ಪೂರ್ತಿ ಅಲ್ಯೂಮಿನಿಯಂ, ಲೈನರ್ ಬದಲು ಪ್ಲಾಸ್ಮಾ ಲೇಪ, ಎರಡು ಟರ್ಬೊ. ನೋಡಬೇಕಾದದ್ದು ಡೆಕ್, ಅಂದರೆ ಹೆಡ್ ಕೂರುವ ಬ್ಲಾಕಿನ ಮೇಲ್ಮೈ. ಸಿಲಿಂಡರ್‌ನ ಮೇಲ್ತುದಿ ಸುತ್ತಲಿನ ಬ್ಲಾಕಿಗೆ ಲೋಹದಿಂದ ಸೇರಿಕೊಂಡಿದ್ದರೆ ಅದು ಮುಚ್ಚಿದ ಡೆಕ್. ಸುತ್ತ ನೀರಿನ ಕಂದಕವಿದ್ದು ಸಿಲಿಂಡರ್ ಒಂಟಿ ಕೊಳವೆಯಂತೆ ನಿಂತಿದ್ದರೆ ತೆರೆದ ಡೆಕ್. ಹೋಂಡಾ ಕೆ20ರದು ತೆರೆದ ಡೆಕ್. ಟರ್ಬೊ ಇಲ್ಲದೆ ಅದು ಅದ್ಭುತ ಎಂಜಿನ್. ಭಾರೀ ಬೂಸ್ಟ್‌ಗೆ (ಟರ್ಬೊ ತುಂಬುವ ಗಾಳಿಯ ಒತ್ತಡಕ್ಕೆ) ದಪ್ಪ ಸ್ಲೀವ್ (ಹೊಸ ಲೈನರ್) ಹಾಕಿಸಬೇಕು, ಆ ಖರ್ಚು ಸೇರಿಸಿದರೆ ಅಗ್ಗದ ಬ್ಲಾಕ್ ಅಗ್ಗವಾಗಿ ಉಳಿಯುವುದಿಲ್ಲ.

ಬೂಸ್ಟ್‌ಗೆ ರಿಂಗಿನ ಎರಡು ತುದಿಗಳ ನಡುವಿನ ಅಂತರವನ್ನೂ ಬದಲಿಸಬೇಕು. ಮೇಲಿನ ರಿಂಗಿಗೆ ರಸ್ತೆ ಎಂಜಿನ್‌ನಲ್ಲಿ ಬೋರ್ × 0.0045, ಬೂಸ್ಟ್‌ನಲ್ಲಿ ಬೋರ್ × 0.006 ಎಂದು ಹಿಡಿಯಿರಿ. 5.3 ಲೀಟರ್‌ನ 96 ಮಿ.ಮೀ. ಬೋರಿಗೆ ಮೊದಲನೆಯದು 0.43 ಮಿ.ಮೀ., ಎರಡನೆಯದು 0.58. ಕಂಪನಿಯ ಬಿಗಿ ಅಂತರವನ್ನೇ ಬಿಟ್ಟು ಟರ್ಬೊ ಹಾಕಿದರೆ ಬಿಸಿಗೆ ಹಿಗ್ಗಿದ ರಿಂಗಿನ ತುದಿಗಳು ಒಂದಕ್ಕೊಂದು ತಾಕಿ ಪಿಸ್ಟನ್‌ನ ಅಂಚು ಸಿಡಿಯುತ್ತದೆ. ಆಗ ‘ಬ್ಲಾಕ್ ತಡೆಯಲಿಲ್ಲ’ ಎಂದು ಲೋಹವನ್ನು ದೂರುವುದು ಅನ್ಯಾಯ.

ಕೊಳ್ಳುವಾಗ ಏನೇನು ಅಳೆಯಬೇಕು

ಜೇಬಿನಲ್ಲಿ ಪುಟ್ಟ ಅಯಸ್ಕಾಂತ ಇಟ್ಟುಕೊಳ್ಳಿ. ಬ್ಲಾಕಿನ ಹೊರಮೈಗೆ ಅಂಟಿದರೆ ಬೀಡು. ಹೊರಗೆ ಅಂಟದೆ ಬೋರಿನೊಳಗೆ ಅಂಟಿದರೆ ಬೀಡಿನ ಲೈನರ್ ಇರುವ ಅಲ್ಯೂಮಿನಿಯಂ. ಎರಡೂ ಕಡೆ ಗಟ್ಟಿಯಾಗಿ ಅಂಟದಿದ್ದರೆ ನಿಕಾಸಿಲ್ (ಬೋರಿನ ಮೇಲೆ ನಿಕಲ್ ಲೇಪ) ಅಥವಾ ಅಲುಸಿಲ್ (ಸಿಲಿಕಾನ್ ತುಂಬಿದ ಅಲ್ಯೂಮಿನಿಯಂ) ಬಗೆಯದು. ಅದರ ಮಾತು ಮುಂದೆ ಇದೆ. ಹಳೆಯ ಎಲ್‌ಎಸ್ ಟ್ರಕ್ ಎಂಜಿನ್‌ಗಳಲ್ಲಿ ವಾಹನದ ವಿಐಎನ್‌ನ (ಗುರುತು ಸಂಖ್ಯೆಯ) 8ನೇ ಅಕ್ಷರ ನೋಡಿದರೂ ಸಾಕು: ‘ಟಿ’ ಎಂದರೆ ಬೀಡಿನ 5.3 (ಎಲ್‌ಎಂ7), ‘ಬಿ’ ಎಂದರೆ 2005–07ರ ಅಲ್ಯೂಮಿನಿಯಂ 5.3 (ಎಲ್33), ‘ಯು’ ಮತ್ತು ‘ಎನ್’ ಎಂದರೆ ಬೀಡಿನ 6.0 (ಎಲ್‌ಕ್ಯೂ4, ಎಲ್‌ಕ್ಯೂ9).

ಬೋರನ್ನು ಡಯಲ್ ಬೋರ್ ಗೇಜ್‌ನಿಂದ ಮೇಲೆ, ನಡುವೆ, ಕೆಳಗೆ ಮೂರು ಆಳದಲ್ಲಿ, ಪ್ರತಿ ಆಳದಲ್ಲೂ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಅಳೆಯಿರಿ. ಎಂಟು ಸಿಲಿಂಡರ್‌ಗೆ 48 ಅಳತೆ. ಮೇಲಕ್ಕೂ ಕೆಳಕ್ಕೂ, ಅಥವಾ ಉದ್ದಕ್ಕೂ ಅಡ್ಡಕ್ಕೂ 0.05 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಹೋನಿಂಗ್‌ನಲ್ಲಿ (ಬೋರಿನ ಒಳಮೈಯನ್ನು ಕಲ್ಲಿನಿಂದ ನವಿರಾಗಿ ಉಜ್ಜುವುದರಲ್ಲಿ) ಮುಗಿಯುತ್ತದೆ ಎಂದು ನಂಬಬೇಡಿ. ಎರಡು ಲೋಹಗಳ ದಾರಿ ಬೇರೆಯಾಗುವುದು ಇಲ್ಲೇ. ಎಲ್‌ಎಸ್1ರ ಲೈನರ್ ಎಷ್ಟು ತೆಳುವೆಂದರೆ ಅದರ 99 ಮಿ.ಮೀ. ಬೋರನ್ನು 0.25 ಮಿ.ಮೀ.ಗಿಂತ ಹೆಚ್ಚಿಸುವಂತಿಲ್ಲ. ಬೀಡಿನ 5.3ರ ಬೋರನ್ನು ಸುಮಾರು 3 ಮಿ.ಮೀ. ಹಿಗ್ಗಿಸಿ ಎಲ್‌ಎಸ್1ರ ಪಿಸ್ಟನ್ನನ್ನೇ ಕೂರಿಸಬಹುದು. 6.0ರಲ್ಲಿ 0.75 ಮಿ.ಮೀ.ವರೆಗೆ ನಿಶ್ಚಿಂತೆ. ಅಂದರೆ ಒಂದು ಸಿಲಿಂಡರ್ ಗೀರಿದ ಅಲ್ಯೂಮಿನಿಯಂ ಬ್ಲಾಕ್ ಬಹುಮಟ್ಟಿಗೆ ಸ್ಲೀವ್ ಹಾಕಿಸಬೇಕಾದ ಬ್ಲಾಕ್; ಅಷ್ಟೇ ಗೀರಿದ ಬೀಡಿನ ಬ್ಲಾಕ್ ಒಂದು ದಿನದ ಬೋರಿಂಗ್ ಕೆಲಸ. ದೊಡ್ಡ ಬೋರ್ ಮಾಡುವ ಮುನ್ನ ಅಲ್ಟ್ರಾಸಾನಿಕ್ ಗೇಜ್‌ನಿಂದ ಗೋಡೆಯ ದಪ್ಪ ನೋಡಿಸಿ. ಎರಕದಲ್ಲಿ ಒಳ ಅಚ್ಚು ತುಸು ಸರಿದಿದ್ದರೆ ಒಂದು ಬದಿ ತೆಳುವಾಗಿರುತ್ತದೆ. ಬೂಸ್ಟ್‌ಗಾದರೆ ಪಿಸ್ಟನ್ ಒತ್ತುವ ಬದಿಯಲ್ಲಿ ಬೋರಿಂಗ್ ಆದ ಮೇಲೂ 5 ಮಿ.ಮೀ. ಉಳಿಯಲಿ.

ಡೆಕ್ ಮೇಲೆ ನೇರಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ. ಯಾವುದೇ 150 ಮಿ.ಮೀ. ಉದ್ದದಲ್ಲಿ 0.05, ಇಡೀ ಉದ್ದಕ್ಕೆ 0.1 ಮಿ.ಮೀ. ಮೀರಿದರೆ ಮೇಲ್ಮೈ ಹೆರೆಸಿ ಸಮ ಮಾಡಿಸಬೇಕು. ಬಿರುಕಿಗೆ ಬೀಡಿನಲ್ಲಿ ಅಯಸ್ಕಾಂತ ಪುಡಿಯ ಪರೀಕ್ಷೆ. ಅಲ್ಯೂಮಿನಿಯಂನಲ್ಲಿ ಅದು ನಡೆಯುವುದಿಲ್ಲ, ಬಣ್ಣದ ದ್ರವ ಹಚ್ಚಿ ನೋಡುವ ಪರೀಕ್ಷೆ ಬೇಕು. ನೀರಿನ ದಾರಿಗೆ ಒತ್ತಡ ಕೊಟ್ಟು ನೋಡುವುದು ಎರಡಕ್ಕೂ ಕಡ್ಡಾಯ. ರೋವರ್ ವಿ8ನಂಥ ಅಲ್ಯೂಮಿನಿಯಂ ಎಂಜಿನ್‌ಗಳಲ್ಲಿ ಲೈನರ್ ಹಿಂದೆಯೇ ಬಿರುಕು ಬಿಡುತ್ತದೆ, ಕಣ್ಣಿಗೆ ಕಾಣದು. ಒಂದು ಪಿಸ್ಟನ್ ತಲೆ ಮಾತ್ರ ಉಗಿಯಲ್ಲಿ ತೊಳೆದಂತೆ ಹೊಳೆಯುತ್ತಿದ್ದರೆ ಆ ಸಿಲಿಂಡರ್ ನೀರು ಕುಡಿಯುತ್ತಿದೆ ಎಂದೇ ತಿಳಿಯಿರಿ.

ಹಿಂದೊಮ್ಮೆ ವಿಪರೀತ ಬಿಸಿಯಾದ ಅಲ್ಯೂಮಿನಿಯಂ ಬ್ಲಾಕನ್ನು ನಾವು ಎಷ್ಟು ಅಗ್ಗಕ್ಕೆ ಸಿಕ್ಕರೂ ತೆಗೆದುಕೊಳ್ಳಲು ಹೇಳುವುದಿಲ್ಲ. ಲೋಹದ ಹದ ಇಳಿದು ಮೆದುವಾಗಿರುತ್ತದೆ, ಹೆಡ್ ಬೋಲ್ಟ್ ಬಿಗಿಸುವಾಗ ಕೊನೆಯ ಸುತ್ತಿನಲ್ಲಿ ಥ್ರೆಡ್ ಕಿತ್ತು ಬರುತ್ತದೆ.

ಲೈನರ್ ಇಲ್ಲದ ಬ್ಲಾಕ್‌ಗಳು

1971ರ ಮಾದರಿಯ ಷೆವ್ರೊಲೆ ವೇಗಾದ 2.3 ಲೀಟರ್ ಎಂಜಿನ್‌ಗೆ ಲೈನರ್ ಇರಲಿಲ್ಲ. ಸಿಲಿಕಾನ್ ತುಂಬಿದ ಅಲ್ಯೂಮಿನಿಯಂ ಮೇಲೆಯೇ ಪಿಸ್ಟನ್ ಓಡಾಡುತ್ತಿತ್ತು, ಮೇಲೆ ಬೀಡಿನ ಹೆಡ್. ಕೂಲಂಟ್ ಸೋರಿ ಬಿಸಿಯೇರಿದಾಗ ಬೋರ್ ಹಾಳಾಗಿ ಹೆಸರು ಕೆಡಿಸಿಕೊಂಡಿತು. ಅದೇ ಲೋಹವನ್ನು ಪೋರ್ಷೆ 928ರಲ್ಲಿ ಚೆನ್ನಾಗಿ ದುಡಿಸಿಕೊಂಡರು. ಬಿಎಂಡಬ್ಲ್ಯು ಎಂ60 ವಿ8ರ ನಿಕಾಸಿಲ್ ಲೇಪವನ್ನು ಗಂಧಕ ಹೆಚ್ಚಿದ್ದ ಪೆಟ್ರೋಲ್ ತಿಂದುಹಾಕಿತು. ಈ ಬಗೆಯ ಬ್ಲಾಕನ್ನು ಸಾಮಾನ್ಯ ಬೋರಿಂಗ್ ಅಂಗಡಿಗೆ ಕೊಡಬೇಡಿ. ನಿಕಾಸಿಲ್ ಹೋದರೆ ಮತ್ತೆ ಲೇಪ ಹಾಕಿಸಬೇಕು. ಅಲುಸಿಲ್‌ಗೆ ಸಿಲಿಕಾನ್ ಕಣ ಮೇಲೆ ಕಾಣುವಂತೆ ಮಾಡುವ ಬೇರೆಯೇ ಹೋನಿಂಗ್ ಮತ್ತು ಕಬ್ಬಿಣದ ಲೇಪವಿರುವ ಪಿಸ್ಟನ್ ಬೇಕು. ಬೋರ್ ಶುದ್ಧವಾಗಿದ್ದರೆ ಕೊಳ್ಳಿ, ಗೀರಿದ್ದರೆ ಬಿಡಿ.

ತೊಳೆಯುವುದು, ಜೋಡಿಸುವುದು

ಬೀಡಿನ ಬ್ಲಾಕ್ ತೊಳೆಯುವ ಬಿಸಿ ಕಾಸ್ಟಿಕ್ ತೊಟ್ಟಿಗೆ ಅಲ್ಯೂಮಿನಿಯಂ ಬ್ಲಾಕ್ ಇಳಿದರೆ ಮುಗಿಯಿತು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಕರಗಿಸುತ್ತದೆ. ವರ್ಕ್‌ಶಾಪಿಗೆ ಕೊಡುವಾಗ ಬ್ಲಾಕಿನ ಮೇಲೆಯೇ ದಪ್ಪ ಅಕ್ಷರದಲ್ಲಿ ‘ಅಲ್ಯೂಮಿನಿಯಂ’ ಎಂದು ಬರೆದುಕೊಡಿ. ಹೋನಿಂಗ್ ಮಾಡಿಸುವಾಗ ಟಾರ್ಕ್ ಪ್ಲೇಟ್ (ಹೆಡ್ಡಿನ ಬದಲು ಕೂರಿಸುವ ದಪ್ಪ ಲೋಹದ ಹಲಗೆ) ಬಿಗಿದೇ ಮಾಡಲಿ. ಹೆಡ್ ಬಿಗಿದಾಗ ಬೋರ್ ಸೊಟ್ಟಗಾಗುವುದು ಎರಡು ಲೋಹದಲ್ಲೂ ಇದೆ, ಅಲ್ಯೂಮಿನಿಯಂನಲ್ಲಿ ಹೆಚ್ಚು.

ಹೆಡ್ ಬೋಲ್ಟ್ ಕೂರುವ ರಂಧ್ರಗಳ ತಳ ಮುಚ್ಚಿದೆ. ಅದರಲ್ಲಿ ಎಣ್ಣೆಯೋ ನೀರೋ ಉಳಿದಿದ್ದರೆ ಬೋಲ್ಟ್ ಇಳಿದಂತೆ ದ್ರವಕ್ಕೆ ಹೋಗಲು ದಾರಿಯಿಲ್ಲದೆ ಬ್ಲಾಕ್ ಸೀಳುತ್ತದೆ. ಥ್ರೆಡ್ ಚೇಸರ್ (ಇರುವ ಥ್ರೆಡ್ಡನ್ನು ಶುಚಿ ಮಾಡುವ ಉಪಕರಣ) ಆಡಿಸಿ, ಕಂಪ್ರೆಸರ್ ಗಾಳಿ ಊದಿ, ಬಟ್ಟೆ ಸುತ್ತಿದ ಕಡ್ಡಿ ಇಳಿಸಿ ಒಣಗಿದೆಯೇ ನೋಡಿ. ಲೋಹ ಕೊರೆಯುವ ಟ್ಯಾಪ್ ಬಳಸಬೇಡಿ, ಅಲ್ಯೂಮಿನಿಯಂ ಥ್ರೆಡ್ ಸಡಿಲಾಗುತ್ತದೆ. 2004ರ ನಂತರದ ಎಲ್‌ಎಸ್‌ನಲ್ಲಿ ಒಂದು ಹೆಡ್ಡಿಗೆ ಹತ್ತು ಎಂ11 ಬೋಲ್ಟ್: ಮೊದಲ ಸುತ್ತು 30 ನ್ಯೂಟನ್ ಮೀಟರ್, ಎರಡನೆಯದು 90 ಡಿಗ್ರಿ, ಮೂರನೆಯದು 70 ಡಿಗ್ರಿ. ಐದು ಚಿಕ್ಕ ಎಂ8 ಬೋಲ್ಟ್‌ಗಳಿಗೆ 30 ನ್ಯೂಟನ್ ಮೀಟರ್ ಅಷ್ಟೇ. 2003ರವರೆಗಿನವುಗಳಲ್ಲಿ ಎಂ11 ಬೋಲ್ಟ್ ಎರಡು ಉದ್ದದ್ದು. ಕೊನೆಯ ಸುತ್ತು ಉದ್ದದವಕ್ಕೆ 90, ಗಿಡ್ಡವಕ್ಕೆ 50 ಡಿಗ್ರಿ. ಇವು ಒಮ್ಮೆ ಎಳೆದ ಮೇಲೆ ಉದ್ದವಾಗುವ ಬೋಲ್ಟ್, ಹಳೆಯದನ್ನು ಮತ್ತೆ ಹಾಕುವಂತಿಲ್ಲ.

ಬಿಸಿಗೆ ಹಿಗ್ಗುವಿಕೆಯೇ ಅಲ್ಯೂಮಿನಿಯಂ ಎಂಜಿನ್ ಜೋಡಣೆಯಲ್ಲಿ ತಲೆಯಲ್ಲಿಡಬೇಕಾದ ದೊಡ್ಡ ವಿಷಯ. ಅಲ್ಯೂಮಿನಿಯಂ ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 21 ಮೈಕ್ರಾನ್ ಹಿಗ್ಗಿದರೆ ಬೀಡು 11. ಎಲ್‌ಎಸ್‌ನ ಡೆಕ್ ಎತ್ತರ 235 ಮಿ.ಮೀ. 20ರಿಂದ 95 ಡಿಗ್ರಿಗೆ ಏರಿದಾಗ ಅಲ್ಯೂಮಿನಿಯಂ ಬ್ಲಾಕ್ 0.37 ಮಿ.ಮೀ. ಬೆಳೆಯುತ್ತದೆ, ಬೀಡಿನದು 0.19. ಉಕ್ಕಿನ ಪುಷ್‌ರಾಡ್ ಬೆಳೆಯುವುದು ಹೆಚ್ಚುಕಡಿಮೆ ಬೀಡಿನಷ್ಟೇ. ಹಾಗಾಗಿ ಸಾಲಿಡ್ ಲಿಫ್ಟರ್ (ಕ್ಯಾಮ್‌ನ ಚಲನೆಯನ್ನು ಪುಷ್‌ರಾಡ್‌ಗೆ ಒಯ್ಯುವ ಗಟ್ಟಿ ತುಂಡು) ಇರುವ ಎಂಜಿನ್‌ನಲ್ಲಿ ವಾಲ್ವ್ ಅಂತರವನ್ನು ತಣ್ಣಗಿದ್ದಾಗ ಹೊಂದಿಸುವವರು, ಕ್ಯಾಮ್ ತಯಾರಕರು ಹೇಳಿದ ಬಿಸಿ ಅಂತರದಿಂದ ಸ್ವಲ್ಪ ಕಳೆಯಬೇಕು: ಬೀಡಿನ ಬ್ಲಾಕ್, ಅಲ್ಯೂಮಿನಿಯಂ ಹೆಡ್ ಆದರೆ 0.15 ಮಿ.ಮೀ.; ಎರಡೂ ಅಲ್ಯೂಮಿನಿಯಂ ಆದರೆ 0.30. ಹೈಡ್ರಾಲಿಕ್ ಲಿಫ್ಟರ್‌ಗೆ ಈ ಲೆಕ್ಕ ಬೇಡ, ಅದು ತಾನೇ ಸರಿದೂಗಿಸಿಕೊಳ್ಳುತ್ತದೆ. ಇದೇ ಕಾರಣಕ್ಕೆ ಅಲ್ಯೂಮಿನಿಯಂ ಬ್ಲಾಕಿನ ಮೇನ್ ಬೇರಿಂಗ್ ಅಂತರವನ್ನು ಬೀಡಿಗಿಂತ ಸುಮಾರು 0.01 ಮಿ.ಮೀ. ಬಿಗಿಯಾಗಿಡಿ. 65 ಮಿ.ಮೀ. ಜರ್ನಲಿಗೆ (ಬೇರಿಂಗ್ ಒಳಗೆ ತಿರುಗುವ ಕ್ರ್ಯಾಂಕಿನ ಭಾಗಕ್ಕೆ) ಬೀಡಿನಲ್ಲಿ 0.06 ಇಟ್ಟರೆ ಇಲ್ಲಿ 0.05. ತಣ್ಣಗಿದ್ದಾಗಲೇ ಧಾರಾಳ ಬಿಟ್ಟರೆ ಬಿಸಿಯಾದ ಮೇಲೆ ಐಡಲ್‌ನಲ್ಲಿ ಆಯಿಲ್ ಒತ್ತಡ ಬೀಳುತ್ತದೆ.

ಮೌಂಟ್ ಬೋಲ್ಟ್ ಅಲ್ಯೂಮಿನಿಯಂ ಒಳಗೆ ತನ್ನ ವ್ಯಾಸದ ಎರಡರಷ್ಟು ಆಳ ಹಿಡಿದಿರಬೇಕು. ಎಂ10ಕ್ಕೆ 20 ಮಿ.ಮೀ. ಬೀಡಿನಲ್ಲಿ ಒಂದೂವರೆ ಪಟ್ಟು ಸಾಕು. ಪೂರ್ತಿ ಗಟ್ಟಿ ಲೋಹದ ಮೌಂಟ್ ಹಾಕಿದರೆ ಚಾಸಿಯ ತಿರುಚುವಿಕೆಯೆಲ್ಲ ಬ್ಲಾಕಿನ ಕಿವಿಗಳ ಮೇಲೆ ಬಂದು ಅಲ್ಯೂಮಿನಿಯಂ ಬಿರಿಯುತ್ತದೆ. ಪಾಲಿಯುರೆಥೇನ್ ಅಥವಾ ರಬ್ಬರ್ ಇರಲಿ. ಥ್ರೆಡ್ ಹೋದರೆ ಹೆಲಿಕಾಯಿಲ್ ಅಥವಾ ಗಟ್ಟಿ ಬುಷ್ ಮಾದರಿಯ ಇನ್ಸರ್ಟ್ ಹಾಕಿ ಉಳಿಸಬಹುದು.

ಟ್ರಕ್ ಎಂಜಿನ್‌ನ ಮರೆಯಾದ ಖರ್ಚು

ಬೀಡಿನ ಬ್ಲಾಕ್ ಅಗ್ಗಕ್ಕೆ ಸಿಗುವುದು ನಿಜ, ಆದರೆ ಅದು ಟ್ರಕ್‌ನ ಬಟ್ಟೆ ತೊಟ್ಟು ಬರುತ್ತದೆ. ಆಳವಾದ ಆಯಿಲ್ ಪ್ಯಾನ್ ಕ್ರಾಸ್‌ಮೆಂಬರ್‌ಗೆ ಬಡಿಯುತ್ತದೆ, ಎತ್ತರದ ಇನ್‌ಟೇಕ್ ಬಾನೆಟ್‌ಗೆ ತಾಗುತ್ತದೆ, ಮುಂದಿನ ಪುಲ್ಲಿ ರೇಡಿಯೇಟರ್ ಕಡೆಗೆ ಚಾಚಿರುತ್ತದೆ. ಪ್ಯಾನ್, ಪಿಕಪ್ ಕೊಳವೆ, ಡಿಪ್‌ಸ್ಟಿಕ್, ಇನ್‌ಟೇಕ್, ಪುಲ್ಲಿ, ಬೆಲ್ಟ್, ಆಲ್ಟರ್ನೇಟರ್ ಬ್ರಾಕೆಟ್ ಇಷ್ಟರ ಬೆಲೆ ಕೂಡಿಸಿದ ಮೇಲೆ ಅಲ್ಯೂಮಿನಿಯಂ ಎಂಜಿನ್ ಬೆಲೆಯೊಂದಿಗೆ ಹೋಲಿಸಿ. 1999–2000ದ 6.0ರಲ್ಲಿ ಹೆಡ್ ಕೂಡ ಬೀಡಿನದೇ, ಕ್ರ್ಯಾಂಕ್‌ನ ಹಿಂದಿನ ತುದಿ ಸುಮಾರು 10 ಮಿ.ಮೀ. ಉದ್ದ. ಅದು ತಿಳಿಯದೆ ಸಾಮಾನ್ಯ ಫ್ಲೈವೀಲ್ ಹಾಕಿದರೆ ಕ್ಲಚ್ ಜಾಗ ತಪ್ಪುತ್ತದೆ. 706 ಸಂಖ್ಯೆಯ ಹೆಡ್‌ನಲ್ಲಿ ‘ಕ್ಯಾಸ್‌ಟೆಕ್’ ಎಂಬ ಎರಕಶಾಲೆಯ ಗುರುತು ಕಂಡರೆ ಬಿರುಕಿನ ಪರೀಕ್ಷೆ ಆಗದೆ ಜೋಡಿಸಬೇಡಿ. ಆ ಎರಕ ಸೀಳಿ ಕೂಲಂಟ್ ಎಣ್ಣೆಗೆ ಸೇರುವುದು ಚಿರಪರಿಚಿತ ದೋಷ.

ಹೀಗೆ ಎಲ್ಲ ಕೂಡಿಸಿ ನೋಡಿದಾಗ ನಮ್ಮ ನಿಲುವು ಇದು. ಹಗುರ ಕಾರು, ತಿರುವುಗಳ ರಸ್ತೆ, ಟರ್ಬೊ ಇಲ್ಲ, ಬೋರ್ ಅಳತೆ ಶುದ್ಧ: ಅಲ್ಯೂಮಿನಿಯಂ. ಟರ್ಬೊ ಖಂಡಿತ, ಅಥವಾ ನೇರ ಓಟದ ಕಾರು: ಬೀಡು. ಹಣ ಕಡಿಮೆ, ಟರ್ಬೊ ಇಲ್ಲ, ಆದರೆ ಸಿಕ್ಕ ಅಲ್ಯೂಮಿನಿಯಂ ಬ್ಲಾಕಿನ ಇತಿಹಾಸ ಯಾರಿಗೂ ಗೊತ್ತಿಲ್ಲ ಎಂದಾದರೆ, ಅಳೆದು ನೋಡಿದ ಬೀಡಿನ 5.3 ತೆಗೆದುಕೊಂಡು ಎಂಜಿನ್ನನ್ನು ಆದಷ್ಟು ಹಿಂದಕ್ಕೆ ಕೂರಿಸುವುದೇ ಮೇಲು. ಅಲ್ಯೂಮಿನಿಯಂ 5.3 ಸಿಕ್ಕಿ ಬೋರ್ ಚೆನ್ನಾಗಿದ್ದರೆ ಅದನ್ನು ಬಿಡಬೇಡಿ. ಟ್ರಕ್ ಎಂಜಿನ್ ಆದ್ದರಿಂದ ಎಲ್‌ಎಸ್1ರಷ್ಟು ಪೈಪೋಟಿ ಅದಕ್ಕಿಲ್ಲ.

ಕೂಲಂಟ್, ಮೊದಲ ಬಿಸಿ, ಕೊನೆಯ ತೂಕ

ಅಲ್ಯೂಮಿನಿಯಂ ಬ್ಲಾಕಿಗೆ ನಲ್ಲಿ ನೀರು ಹಾಕಬೇಡಿ. ಅಲ್ಯೂಮಿನಿಯಂಗೆ ಹೊಂದುವ ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ಸಮಪಾಲು, ತಯಾರಕರು ಹೇಳಿದ ಅವಧಿಗೆ ತಪ್ಪದೆ ಬದಲಾವಣೆ. ಎರಡು ಬಗೆಯ ಕೂಲಂಟ್ ಬೆರೆಸಿದರೆ ಜೆಲ್ಲಿಯಂತೆ ಗಟ್ಟಿಯಾಗಿ ರೇಡಿಯೇಟರ್ ಕಟ್ಟಬಹುದು. ಬ್ಲಾಕಿನಿಂದ ಚಾಸಿಗೆ ಒಂದು, ಬ್ಯಾಟರಿಗೆ ಒಂದು ದಪ್ಪ ಅರ್ತ್ ಪಟ್ಟಿ ಇರಲೇಬೇಕು. ಅದಿಲ್ಲದಿದ್ದರೆ ಸ್ಟಾರ್ಟರ್‌ನ ವಿದ್ಯುತ್ ಕೂಲಂಟ್ ಮೂಲಕ ದಾರಿ ಹುಡುಕಿ ಲೋಹವನ್ನು ಒಳಗಿಂದ ತಿನ್ನುತ್ತದೆ. ಹೊಸ ಮೌಂಟ್‌ನಲ್ಲಿ ಎಂಜಿನ್ ಹಿಂದಕ್ಕೆ ಬಾಗಿ ಕೂತಿದ್ದರೆ ಹೆಡ್‌ನ ಎತ್ತರದ ತುದಿಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಉಗಿ ಹೊರಹೋಗುವ ಕೊಳವೆಯನ್ನು ರೇಡಿಯೇಟರ್ ಮೇಲ್ತುದಿಗೋ ಕೂಲಂಟ್ ಟ್ಯಾಂಕಿಗೋ ಜೋಡಿಸಿ, ಕಾರಿನ ಮೂತಿ ಎತ್ತಿ ತುಂಬಿಸಿ.

ಮೊದಲ ಸಲ ಸ್ಟಾರ್ಟ್ ಮಾಡುವ ಮುನ್ನ ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟು, ಇಂಧನ ಮತ್ತು ಇಗ್ನಿಷನ್ ಕಡಿದು, ಆಯಿಲ್ ಒತ್ತಡ ತೋರುವವರೆಗೆ ಸ್ಟಾರ್ಟರ್ ತಿರುಗಿಸಿ. ಆಮೇಲೆ ಥರ್ಮೋಸ್ಟಾಟ್ ತೆರೆಯುವವರೆಗೆ ಓಡಿಸಿ, ಪೂರ್ತಿ ತಣಿಯಲು ಬಿಡಿ, ಕೂಲಂಟ್ ಮಟ್ಟ ನೋಡಿ. ಮೂರು ಸಲ ಹೀಗೆ ಮಾಡಿದ ಮೇಲೆಯೇ ರಸ್ತೆಗೆ. ನಂತರ ಅರ್ಧ ಟ್ಯಾಂಕ್ ಪೆಟ್ರೋಲ್ ಹಾಕಿ, ಚಾಲಕನನ್ನು ಕೂರಿಸಿ, ನಾಲ್ಕೂ ಚಕ್ರಗಳ ಕೆಳಗೆ ತಕ್ಕಡಿ ಇಟ್ಟು ತೂಗಿ, ಮೊದಲ ಹಾಳೆಯಲ್ಲಿ ಬರೆದ ಅಂಕಿಗಳ ಪಕ್ಕ ಹೊಸದನ್ನು ಬರೆಯಿರಿ. ಅಲೈನ್‌ಮೆಂಟ್ ಮಾಡಿಸುವುದು ಅದಾದ ಮೇಲೆ.